ಹುರಿಯುವ ಹೊತ್ತನ್ನು ಯಾರೂ ಲೆಕ್ಕ ಹಾಕುವುದಿಲ್ಲ

ಓದುಗರ ಪತ್ರ:

ಸಂಪಾದಕರೇ, ನಾನು ಮಂಗಳೂರು ಕಡೆಯವಳು. ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನರ್ಸ್. ಇಲ್ಲಿ ಚಳಿ ಶುರುವಾದರೆ ಎಲ್ಲರ ಮನೆಯಲ್ಲೂ ದನದ ಕೈಮಾ, ಕ್ಯಾರೆಟ್, ಆಲೂಗಡ್ಡೆ ಹಾಕಿದ ಸ್ಟ್ಯೂ ಮಾಡುತ್ತಾರೆ. ನಾನೂ ಮಾಡುತ್ತೇನೆ. ಡ್ಯೂಟಿಗೆ ಹೋಗುವ ಮುಂಚೆ ಎಲ್ಲವನ್ನೂ ಸ್ಲೋ ಕುಕ್ಕರಿಗೆ (ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ) ಹಾಕಿ, ಒಂದು ಸ್ಟಾಕ್ ಕ್ಯೂಬ್ (ಮಾಂಸದ ಸಾರದ ಗಟ್ಟಿ ತುಂಡು) ಪುಡಿ ಮಾಡಿ ಹೋಗುತ್ತೇನೆ. ಬಂದು ನೋಡಿದರೆ ಬೂದು ಬಣ್ಣ, ನೀರು ನೀರು, ಒಂಥರಾ ಹಸಿ ವಾಸನೆ. ಕೆಲಸ ಉಳಿಸೋಕೆ ಇರೋ ಪಾತ್ರೆ, ಹುರಿಯೋದೆಲ್ಲ ದಂಡ ಅಂತ ಜೊತೆಯವರು ಹೇಳುತ್ತಾರೆ. ಹುರಿದರೆ ಹೊಗೆಗೆ ಮನೆಯ ಬೆಂಕಿ ಅಲಾರಂ ಕೂಗುತ್ತೆ ಅಂತ ನನಗೂ ಹೆದರಿಕೆ. ನಮ್ಮ ಅಜ್ಜಿ ಮಾಡುತ್ತಿದ್ದ ಕೈಮಾ ಇವತ್ತಿಗೂ ನಾಲಿಗೆಯ ಮೇಲಿದೆ. ನನಗೆ ಕೈಗುಣವೇ ಇಲ್ಲವಾ?

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಸಾಲು ಓದಿ ಬೇಜಾರಾಯಿತು. ಅದಕ್ಕೇ ಉತ್ತರ ಉದ್ದವಾಗುತ್ತಿದೆ. ಡ್ಯೂಟಿ ಮಾಡಿ, ಬೇರೆಯವರ ಜೀವ ನೋಡಿಕೊಂಡು, ಮನೆಗೆ ಬಂದು ಒಂದು ಬಟ್ಟಲು ಸ್ಟ್ಯೂ ಸರಿಯಾಗಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ. ದಯವಿಟ್ಟು ಬೇಡ. ಕೈಗುಣ ಅಂತ ನಾವು ಯಾವುದನ್ನು ಹೊಗಳುತ್ತೇವೋ, ಅದರಲ್ಲಿ ಮುಕ್ಕಾಲು ಪಾಲು ಒಲೆಯ ಮುಂದೆ ನಿಂತ ಹೊತ್ತು. ಆ ಹೊತ್ತನ್ನು ನಿಮ್ಮ ಸ್ಟ್ಯೂಗೆ ಯಾರೂ ಕೊಟ್ಟಿಲ್ಲ. ಕೊಡಬೇಕು ಅಂತ ನಿಮಗೆ ಯಾರೂ ಹೇಳಿಯೂ ಇಲ್ಲ.

ಮೊದಲು ಸ್ಲೋ ಕುಕ್ಕರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಅದು ಕೆಟ್ಟ ಪಾತ್ರೆಯಲ್ಲ. ಇರ್ವಿಂಗ್ ನಾಕ್ಸನ್ ಎಂಬ ಅಮೆರಿಕನ್ ಯೆಹೂದಿ ಅದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಲಿಥುವೇನಿಯಾದ ಹಳ್ಳಿಯಲ್ಲಿ ಶುಕ್ರವಾರ ಸಂಜೆ ಬೇಕರಿಯ ಆರುತ್ತಿರುವ ಒಲೆಯೊಳಗೆ ಮಡಕೆ ಇಟ್ಟು, ಮರುದಿನ ಸಬ್ಬತ್ತಿನ (ಯೆಹೂದಿಗಳ ವಾರದ ವಿರಾಮದ ದಿನದ) ಊಟಕ್ಕೆ ತೆಗೆಯುತ್ತಿದ್ದರು ಅನ್ನೋ ಮನೆಯ ಕಥೆ ಅವರಿಗೆ ಸ್ಫೂರ್ತಿ. ಬೆಂಕಿ ಮುಟ್ಟಬಾರದ ದಿನದಲ್ಲೂ ಬಿಸಿ ಊಟ ಸಿಗಲಿ ಅನ್ನೋದು ಒಳ್ಳೆಯ ಆಸೆ. ನಿಮ್ಮಂಥ ಕೆಲಸದವರಿಗೆ ಆ ಪಾತ್ರೆ ದೊಡ್ಡ ಉಪಕಾರ. ಆದರೆ ಅದಕ್ಕೆ ಬೇಯಿಸಲು ಮಾತ್ರ ಬರುತ್ತೆ, ಹುರಿಯಲು ಬರುವುದಿಲ್ಲ. ನೀವು ಎರಡೂ ಕೆಲಸ ಅದರ ತಲೆಗೆ ಕಟ್ಟಿದ್ದೀರಿ.

ಯಾಕೆ ಹುರಿಯಬೇಕು? ನೀರಿರುವ ಪಾತ್ರೆಯಲ್ಲಿ ಬಿಸಿ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಆ ಘಮ ಹುಟ್ಟಬೇಕಾದರೆ ಅದರ ಮೇಲ್ಮೈ ಸುಮಾರು 140 ಡಿಗ್ರಿಗೆ ಏರಬೇಕು. ಇದನ್ನು 1912ರಲ್ಲಿ ಮೊದಲು ವಿವರಿಸಿದವರು ಲೂಯಿ ಕಾಮಿಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಅಡುಗೆ ಅವರ ವಿಷಯವೇ ಆಗಿರಲಿಲ್ಲ. ಅಮೈನೊ ಆಮ್ಲ (ಪ್ರೋಟೀನಿನ ಬಿಡಿ ಭಾಗ) ಮತ್ತು ಸಕ್ಕರೆ ಸೇರಿಸಿ ಬಿಸಿ ಮಾಡಿದಾಗ ಏನಾಗುತ್ತೆ ಅಂತ ನೋಡುತ್ತಿದ್ದರು. ಕಾಫಿಬೀಜ, ರೊಟ್ಟಿಯ ಚುಕ್ಕೆ, ದೋಸೆಯ ಅಂಚು, ಎಲ್ಲದರ ಘಮದಲ್ಲೂ ಅದೇ ಕ್ರಿಯೆ ಇದೆ. ಅದಕ್ಕಿಂತ ಮುಂಚೆ, 1847ರಲ್ಲಿ, ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಮಾಂಸವನ್ನು ಮೊದಲು ಜೋರು ಬಿಸಿಗೆ ಒಡ್ಡಿದರೆ ರಸ ಒಳಗೇ ಉಳಿಯುತ್ತೆ ಅಂದಿದ್ದರು. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಆದರೂ ಇವತ್ತಿಗೂ ಟಿವಿಯಲ್ಲಿ ಅಡುಗೆ ಮಾಡುವವರು ಅದನ್ನೇ ಹೇಳುತ್ತಾರೆ. ರಸ ಉಳಿಸೋಕೆ ಅಲ್ಲ, ರುಚಿ ಹುಟ್ಟಿಸೋಕೆ ಹುರಿಯಬೇಕು.

ಇಲ್ಲಿ ಒಬ್ಬರಾದರೂ ಕೇಳುತ್ತಾರೆ: ನಮ್ಮ ಕೈಮಾ ಉಂಡೆ ಸಾರಿನಲ್ಲಿ ಉಂಡೆಯನ್ನು ಹುರಿಯುವುದೇ ಇಲ್ಲವಲ್ಲ, ಹಸಿ ಉಂಡೆಯನ್ನೇ ಕುದಿಯುವ ಸಾರಿಗೆ ಬಿಡುತ್ತೇವಲ್ಲ, ಅದು ರುಚಿಯಾಗಿರುವುದಿಲ್ಲವಾ? ಒಳ್ಳೆಯ ಪ್ರಶ್ನೆ. ನಿಮ್ಮ ಅಜ್ಜಿಯ ಗುಟ್ಟೂ ಇದರಲ್ಲೇ ಇದೆ. ನಮ್ಮ ಕಡೆ ಹುರಿಯುವ ಕೆಲಸವನ್ನು ಮಸಾಲೆ ಮೊದಲೇ ಮಾಡಿ ಮುಗಿಸಿರುತ್ತೆ. ಧನಿಯಾ, ಒಣಮೆಣಸು, ಚಕ್ಕೆ, ಲವಂಗ, ಈರುಳ್ಳಿ, ಕಾಯಿತುರಿ, ಒಂದೊಂದನ್ನೂ ಕೆಂಪಗೆ ಹುರಿದು ರುಬ್ಬಿ ಹಾಕಿದ ಮೇಲೆ ಮಾಂಸ ಹಸಿಯಾಗಿ ಬಿದ್ದರೂ ನಡೆಯುತ್ತೆ. ಸ್ಕಾಟ್ಲೆಂಡಿನ ಸ್ಟ್ಯೂನಲ್ಲಿ ಮಸಾಲೆ ಎಲ್ಲಿದೆ? ಉಪ್ಪು, ಮೆಣಸು, ಹೆಚ್ಚೆಂದರೆ ಒಂದು ಎಲೆ. ಅಲ್ಲಿ ಹುರಿದ ರುಚಿ ಬರಬೇಕಾದ್ದು ಮಾಂಸದಿಂದ ಮತ್ತು ಈರುಳ್ಳಿಯಿಂದಲೇ. ನೀವು ಅವರ ಅಡುಗೆಯ ಸಾಮಾನು ತೆಗೆದುಕೊಂಡಿರಿ, ನಮ್ಮ ಅಡುಗೆಯ ಹಾಗೆ ಮಾಂಸವನ್ನು ಹಸಿಯಾಗಿ ಹಾಕಿದಿರಿ. ಹುರಿದದ್ದು ಅನ್ನೋದು ಪಾತ್ರೆಯೊಳಗೆ ಏನೂ ಇಲ್ಲದ ಹಾಗಾಯಿತು.

ಸ್ಕಾಟ್ಲೆಂಡಿನ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಮಿನ್ಸ್ ಅಂಡ್ ಟ್ಯಾಟೀಸ್ ನೋಡಿ. ಕೈಮಾ, ಈರುಳ್ಳಿ, ಕ್ಯಾರೆಟ್, ಕೆಲವರ ಮನೆಯಲ್ಲಿ ರಸ ಗಟ್ಟಿಯಾಗಲು ಒಂದು ಹಿಡಿ ಓಟ್ಸ್, ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ. ಇಷ್ಟೇ. ಸ್ವಲ್ಪ ಮಾಂಸವನ್ನು ತರಕಾರಿ ಸೇರಿಸಿ ಇಡೀ ಮನೆಗೆ ಆಗುವಂತೆ ಮಾಡುವ ದುಡಿಯುವ ಜನರ ಅಡುಗೆ. ಬಡತನದ ಅಡುಗೆಗೆ ಜಾಸ್ತಿ ಸಾಮಾನು ಇರುವುದಿಲ್ಲ, ಹಾಗಾಗಿ ಇದ್ದ ಸಾಮಾನಿನಿಂದ ಪೂರ್ತಿ ರುಚಿ ತೆಗೆಯುತ್ತಾರೆ. ನಮ್ಮಲ್ಲೂ ಬರೀ ಕಾಲು ಕಿಲೋ ಮಾಂಸಕ್ಕೆ ಅವರೆಕಾಳು, ಮೂಲಂಗಿ, ಆಲೂಗಡ್ಡೆ ಸೇರಿಸಿ ಎಂಟು ಜನಕ್ಕೆ ಬಡಿಸುತ್ತಿದ್ದ ತಾಯಂದಿರು ಹಾಗೇ ಅಲ್ವಾ? ಅವರ ಸಾರು ತೆಳ್ಳಗಿರಬಹುದು, ಸಪ್ಪೆ ಇರುತ್ತಿರಲಿಲ್ಲ.

ಈಗ ಮಾಡುವ ಕ್ರಮ ಹೇಳುತ್ತೇನೆ. ಅರ್ಧ ಕಿಲೋ ಕೈಮಾ ತನ್ನಿ. ಅಲ್ಲಿ ಪೊಟ್ಟಣದ ಮೇಲೆ ಕೊಬ್ಬು ಶೇಕಡಾ 5, 12, 20 ಅಂತ ಬರೆದಿರುತ್ತೆ. ಆರೋಗ್ಯಕ್ಕೆ ಒಳ್ಳೇದು ಅಂತ ನೀವು 5ರದ್ದನ್ನೇ ತರುತ್ತಿದ್ದೀರಿ ಅಂತ ನನ್ನ ಊಹೆ. ನರ್ಸ್ ಆದವರಿಗೆ ನಾನೇನು ಆರೋಗ್ಯ ಹೇಳಲಿ, ಆದರೆ ಸ್ಟ್ಯೂಗೆ ಅದು ಬೇಡ. ಒಣಗಿ ಮರಳು ಮರಳಾಗುತ್ತೆ. 12 ಆದರೂ ಇರಲಿ. ಜಾಸ್ತಿ ಅನ್ನಿಸಿದ ಕೊಬ್ಬನ್ನು ಆಮೇಲೆ ಚಮಚದಲ್ಲಿ ತೆಗೆಯಬಹುದು. ಮಾಂಸದಂಗಡಿಯಿದ್ದರೆ ಕಾಲು ಅಥವಾ ಭುಜದ ಮಾಂಸವನ್ನು ಕಣ್ಣೆದುರು ಕೊಚ್ಚಿಸಿ. ಕರ್ನಾಟಕದ ಓದುಗರು ಇದನ್ನೇ ಕುರಿ ಕೈಮಾದಲ್ಲಿ ಮಾಡಬಹುದು. 2020ರ ಕಾಯ್ದೆಯ ಪ್ರಕಾರ ಇಲ್ಲಿ ದನ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ.

ಅಗಲವಾದ, ದಪ್ಪ ತಳದ ಬಾಣಲೆ ಕಾಯಲಿ. ಮಾಂಸದ ಮೇಲಿನ ನೀರನ್ನು ಟಿಶ್ಯೂ ಕಾಗದದಲ್ಲಿ ಒತ್ತಿ ತೆಗೆಯಿರಿ. ಅರ್ಧ ಮಾಂಸ ಮಾತ್ರ ಹಾಕಿ, ಚಾಪೆ ಹಾಸಿದ ಹಾಗೆ ಹರಡಿ, ಸುಮ್ನೆ ಬಿಡಿ. ಕೈ ತುರಿಸುತ್ತೆ, ಸೌಟು ಆಡಿಸಬೇಕು ಅನ್ನಿಸುತ್ತೆ. ಬೇಡ. ಮಾಂಸದಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಕೊಚ್ಚಿದ ಮಾಂಸ ಆ ನೀರನ್ನು ಬೇಗ ಬಿಡುತ್ತೆ. ಫ್ರೀಜರಿನಿಂದ ತೆಗೆದದ್ದಾದರೆ ಇನ್ನೂ ಜಾಸ್ತಿ. ಬಾಣಲೆ ತುಂಬಾ ತುಂಬಿದರೆ ಆ ನೀರಲ್ಲೇ ಮಾಂಸ ಬೇಯುತ್ತೆ, ನೀವು ಹೇಳಿದ ಬೂದು ಬಣ್ಣ ಬರುವುದು ಆಗಲೇ. ನೀರು ಆರುವವರೆಗೆ ಗುಳುಗುಳು ಸದ್ದು ಇರುತ್ತೆ. ಆಮೇಲೆ ಸದ್ದು ಬದಲಾಗುತ್ತೆ, ಚಟಪಟ ಶುರುವಾಗುತ್ತೆ. ನಿಜವಾದ ಹುರಿಯುವಿಕೆ ಅಲ್ಲಿಂದ ಶುರು. ಹೆಚ್ಚಿನವರು ಒಲೆ ಆರಿಸುವುದೂ ಅಲ್ಲೇ! ಇನ್ನೂ ನಾಲ್ಕೈದು ನಿಮಿಷ ನಿಲ್ಲಿ. ಅಡಿ ಕಾಫಿ ಬಣ್ಣಕ್ಕೆ ಬಂದ ಮೇಲೆ ಮಗುಚಿ, ತೆಗೆದು, ಉಳಿದ ಅರ್ಧ ಹಾಕಿ.

ತೆಗೆದ ಮಾಂಸವನ್ನು ಹಸಿ ಮಾಂಸ ಇಟ್ಟಿದ್ದ ತಟ್ಟೆಗೇ ಹಾಕಬೇಡಿ. ಗ್ಲಾಸ್ಗೋಗೆ ಹತ್ತಿರದ ವಿಶಾ ಪಟ್ಟಣದಲ್ಲಿ 1996ರಲ್ಲಿ ಒಂದು ಮಾಂಸದಂಗಡಿಯಿಂದ ಇ. ಕೋಲಿ ಒ157 ಎಂಬ ರೋಗಾಣು ಹರಡಿ ನೂರಾರು ಜನ ಕಾಯಿಲೆ ಬಿದ್ದರು, ಹಲವು ವಯಸ್ಸಾದವರು ಸತ್ತರು. ಪ್ರೊಫೆಸರ್ ಹ್ಯೂ ಪೆನ್ನಿಂಗ್ಟನ್ ಅದರ ವಿಚಾರಣೆ ನಡೆಸಿದರು. ಹಸಿ ಮಾಂಸವೂ ಬೆಂದ ಮಾಂಸವೂ ಒಂದನ್ನೊಂದು ಮುಟ್ಟಬಾರದು ಅನ್ನೋ ಪಾಠ ಆ ದೇಶಕ್ಕೆ ಗಟ್ಟಿಯಾದದ್ದು ಆಗ. ಕೈಮಾದಲ್ಲಿ ಹೊರಗಿನದೆಲ್ಲ ಒಳಗೆ ಸೇರಿಹೋಗಿರುತ್ತೆ, ಹಾಗಾಗಿ ಅದು ನಡುವಿನಲ್ಲೂ ಪೂರ್ತಿ ಬೇಯಬೇಕು. ಬ್ರಿಟನ್ನಿನಲ್ಲಿ ಹೇಳುವ ಲೆಕ್ಕ 70 ಡಿಗ್ರಿಯಲ್ಲಿ 2 ನಿಮಿಷ. ಸ್ಟ್ಯೂ ಕುದಿದರೆ ಅದನ್ನು ಸುಲಭವಾಗಿ ದಾಟುತ್ತೆ.

ಅದೇ ಕೊಬ್ಬಿನಲ್ಲಿ ಎರಡು ದೊಡ್ಡ ಈರುಳ್ಳಿ, ಚಿಟಿಕೆ ಉಪ್ಪು, ಸಣ್ಣ ಉರಿ. ಹೊಂಬಣ್ಣಕ್ಕೆ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತೆ, ಐದಲ್ಲ. ಬೆಳ್ಳುಳ್ಳಿ ಹಾಕಿ ಒಂದು ಸುತ್ತು ಆಡಿಸಿ. ಒಂದು ಲೋಟ ಬಿಸಿನೀರು ಸುರಿದು ತಳದಲ್ಲಿ ಅಂಟಿರುವುದನ್ನೆಲ್ಲ ಕೆರೆದು ಬಿಡಿ. ನೀವು ಸ್ಟಾಕ್ ಕ್ಯೂಬಿನಲ್ಲಿ ಹುಡುಕುತ್ತಿದ್ದ ರುಚಿ ಆ ಕೆರೆದದ್ದರಲ್ಲೇ ಇದೆ.

ಇಷ್ಟಾದ ಮೇಲೆ ಎಲ್ಲವನ್ನೂ ನಿಮ್ಮ ಸ್ಲೋ ಕುಕ್ಕರಿಗೆ ಹಾಕಿ, ಡ್ಯೂಟಿಗೆ ಹೋಗಿ. ಕ್ಯಾರೆಟ್, ಆಲೂಗಡ್ಡೆ, ಅಲ್ಲಿನವರು ನೀಪ್ಸ್ ಅನ್ನುವ ಹಳದಿ ಗೆಡ್ಡೆ, ಒಂದು ಹಿಡಿ ಬಾರ್ಲಿ. ಟೊಮೇಟೊ ಮಾತ್ರ ಕೊನೆಗೆ. ಹುಳಿ ಇದ್ದರೆ ಗೆಡ್ಡೆಗಳು ಬೇಗ ಮೆತ್ತಗಾಗುವುದಿಲ್ಲ. ರಾಜ್ಮಾ ಸೇರಿಸುವ ಆಸೆಯಿದ್ದರೆ ನೆನೆಸಿದ ಕಾಳನ್ನು ಬೇರೆ ಪಾತ್ರೆಯಲ್ಲಿ ಜೋರಾಗಿ ಕುದಿಸಿ, ಬೇಯಿಸಿಯೇ ಹಾಕಿ. ಹಸಿ ರಾಜ್ಮಾದಲ್ಲಿ ಒಂದು ವಿಷವಿದೆ. ಸ್ಲೋ ಕುಕ್ಕರಿನ ಕಡಿಮೆ ಬಿಸಿಗೆ ಅದು ಸಾಯುವುದಿಲ್ಲ, ಹೊಟ್ಟೆ ಹಾಳಾಗುತ್ತೆ. ಇಳಿಸುವ ಮುಂಚೆ ಮೆಣಸಿನ ಪುಡಿ, ಕೆಲವು ಹನಿ ವಿನೆಗರ್. ಮಂಗಳೂರಿನ ಅಡುಗೆಮನೆ ನೋಡಿದವರಿಗೆ ವಿನೆಗರ್ ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

ಅಲಾರಂ ವಿಷಯ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರುವರಿಯಿಂದ ಮನೆಮನೆಗೂ ಒಂದಕ್ಕೊಂದು ಜೋಡಿಸಿದ ಅಲಾರಂ ಕಡ್ಡಾಯ. ಅಡುಗೆಮನೆಗೆ ಹಾಕಬೇಕಾದದ್ದು ಬಿಸಿಗೆ ಕೂಗುವ ಅಲಾರಂ, ಹೊಗೆಗೆ ಕೂಗುವುದು ಹಾಲಿನಲ್ಲಿ ಮತ್ತು ಕೋಣೆಗಳ ನಡುವಿನ ಓಣಿಯಲ್ಲಿರುತ್ತೆ. ಬಾಗಿಲು ಹಾಕಿ, ಕಿಟಕಿ ತೆಗೆದು, ಫ್ಯಾನ್ ಹಚ್ಚಿ ಹುರಿಯಿರಿ. ಅಡುಗೆಮನೆ ಹಾಲಿಗೇ ತೆರೆದುಕೊಂಡಿದ್ದರೆ ಮಾತ್ರ ಕಷ್ಟ. ಮನೆ ಕಟ್ಟುವವರು ಈಗ ಬೆಂಗಳೂರಿನಲ್ಲೂ ಅದನ್ನೇ ಮಾಡುತ್ತಿದ್ದಾರೆ. ಅಡುಗೆಮನೆಯನ್ನು ಅಲಂಕಾರಕ್ಕೆ ತೆರೆದಿಟ್ಟು, ಹೊಗೆ ಹೋಗೋಕೆ ಒಂದು ಕಿಟಕಿಯನ್ನೂ ಇಡುವುದಿಲ್ಲ. ಒಗ್ಗರಣೆ ಹಾಕಿದರೆ ಸೋಫಾಗೆ ವಾಸನೆ ಹಿಡಿಯುತ್ತೆ ಅಂತ ಮನೆಯವರೇ ಗೊಣಗುತ್ತಾರೆ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ, ಸ್ಲೋ ಕುಕ್ಕರಿನ ಮೇಲೂ ಅಲ್ಲ. ಅಡುಗೆ ಬರೆಯುವವರು, ವಿಡಿಯೊ ಮಾಡುವವರು ಸಮಯದ ಬಗ್ಗೆ ಹೇಳುವ ಸುಳ್ಳಿನ ಮೇಲೆ. 'ಈರುಳ್ಳಿ ಕೆಂಪಾಗುವವರೆಗೆ ಐದು ನಿಮಿಷ ಹುರಿಯಿರಿ.' ಯಾವ ಒಲೆಯಲ್ಲಿ? ವಿಡಿಯೊದಲ್ಲಿ ಆ ಇಪ್ಪತ್ತು ನಿಮಿಷ ಕತ್ತರಿಸಿ ಬಿಸಾಕಿ, ಎರಡು ಸೆಕೆಂಡಿನಲ್ಲಿ ಬಿಳಿ ಈರುಳ್ಳಿ ಕೆಂಪಾಗಿಬಿಡುತ್ತೆ. 'ಹತ್ತೇ ನಿಮಿಷದ ಅಡುಗೆ' ಅಂತಾರೆ, ಆದರೆ ಎಲ್ಲವೂ ಮೊದಲೇ ಹೆಚ್ಚಿ ಬಟ್ಟಲಲ್ಲಿ ಕೂತಿರುತ್ತೆ. ಹೆಚ್ಚಿದವರು ಯಾರು, ಪಾತ್ರೆ ತೊಳೆದವರು ಯಾರು, ಅವರ ಹೊತ್ತು ಯಾವ ಲೆಕ್ಕದಲ್ಲಿದೆ?

ಈ ಸುಳ್ಳಿನ ಫಲ ಏನು ಗೊತ್ತಾ? ಹೇಳಿದ ಹೊತ್ತಿಗೆ ಅಡುಗೆ ಆಗದಿದ್ದಾಗ ಮನೆಯವಳು ತಾನು ನಿಧಾನ ಅಂದುಕೊಳ್ಳುತ್ತಾಳೆ. ಹೇಳಿದ ಹೊತ್ತಿಗೇ ಇಳಿಸಿದರೆ ರುಚಿ ಇರುವುದಿಲ್ಲ, ತನಗೆ ಕೈಗುಣ ಇಲ್ಲ ಅಂದುಕೊಳ್ಳುತ್ತಾಳೆ. ಆಮೇಲೆ ಪೊಟ್ಟಣದ ಮಸಾಲೆ, ಕ್ಯೂಬು, ಪುಡಿ ಮಾರುವವರು ಬಾಗಿಲಿಗೆ ಬರುತ್ತಾರೆ. ಇದು ಹೊಸದೇನಲ್ಲ. ಮಾಂಸದ ರಸದ ಬಗ್ಗೆ ಬರೆದ ಅದೇ ಲೀಬಿಗ್ ಹೆಸರಿನಲ್ಲಿ 1865ರಲ್ಲಿ ಕಂಪನಿಯೊಂದು ಶುರುವಾಯಿತು. ಉರುಗ್ವೆಯ ಫ್ರೇ ಬೆಂಟೋಸ್‌ನಲ್ಲಿ ದನದ ಮಾಂಸವನ್ನು ಕುದಿಸಿ ಸಾರ ತೆಗೆದು ಯುರೋಪಿಗೆ ಕಳಿಸಿತು. ಮುಂದೆ 1910ರಲ್ಲಿ ಅವರದೇ ಆಕ್ಸೊ ಕ್ಯೂಬು ಬ್ರಿಟನ್ನಿನ ಅಡುಗೆಮನೆ ಸೇರಿತು. ಮಾಂಸ ಕೊಳ್ಳುವ ಶಕ್ತಿಯಿಲ್ಲದವರಿಗೆ ಅದರಿಂದ ಉಪಯೋಗವೂ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಬಾಣಲೆಯ ತಳದಲ್ಲಿ ಬಿಟ್ಟಿಯಾಗಿ ಸಿಗುವ ರುಚಿಯನ್ನು ದುಡ್ಡು ಕೊಟ್ಟು ತರುವ ಅಭ್ಯಾಸ ಬೆಳೆದದ್ದು ಹೀಗೆ.

ರಾಮನಗರದ ಕಡೆಯ ಮಿಲಿಟರಿ ಹೋಟೆಲಿನ ಅಡುಗೆಯವರೊಬ್ಬರನ್ನು ಒಮ್ಮೆ ಮಾತಾಡಿಸಿದ್ದೆ. ಬೆಳಗಿನ ಜಾವವೇ ದೊಡ್ಡ ಹಂಡೆಯಲ್ಲಿ ಈರುಳ್ಳಿ ಹುರಿಯಲು ನಿಲ್ಲುತ್ತಿದ್ದರು. ಮಾಲೀಕರ ಮಗ ರೆಡಿಮೇಡ್ ಪೇಸ್ಟ್ ತರಿಸೋಣ ಅಂದಾಗ, 'ತರಿಸಿ ಸ್ವಾಮಿ, ನಾನು ಊರಿಗೆ ಹೋಗ್ತೀನಿ' ಅಂದರಂತೆ. ಪೇಸ್ಟ್ ಬರಲಿಲ್ಲ. ಇಂಥವರ ಹೆಸರು ಹೋಟೆಲಿನ ಬೋರ್ಡಿನ ಮೇಲೆ ಇರುವುದಿಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಜನ ಹೊಗಳುವುದು ಮಾಲೀಕರನ್ನು.

ನಿಮಗೆ ದಿನಾ ಇಷ್ಟು ನಿಲ್ಲಲು ಆಗುವುದಿಲ್ಲ, ಒಪ್ಪುತ್ತೇನೆ. ರಜೆಯ ದಿನ ಒಂದೂವರೆ ಕಿಲೋ ಕೈಮಾ, ಒಂದು ರಾಶಿ ಈರುಳ್ಳಿ ಸ್ವಲ್ಪ ಸ್ವಲ್ಪವಾಗಿ ಹುರಿದುಬಿಡಿ. ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಮೂರು ಪಾಲು ಮಾಡಿ ಫ್ರೀಜರಿನಲ್ಲಿಡಿ. ಡ್ಯೂಟಿಯ ಹಿಂದಿನ ರಾತ್ರಿ ಒಂದು ಪಾಲನ್ನು ಫ್ರಿಜ್ಜಿಗೆ ಇಳಿಸಿ. ಬೆಳಗ್ಗೆ ಅದನ್ನು ನೀರಿನ ಜೊತೆ ಕುದಿ ಬರಿಸಿ, ತರಕಾರಿ ಸೇರಿಸಿ ಸ್ಲೋ ಕುಕ್ಕರಿಗೆ ಹಾಕಿ. ನಿಮ್ಮ ಜೊತೆಯವರಿಗೂ ಒಂದು ಬಟ್ಟಲು ಕೊಡಿ, ಹುರಿಯೋದು ದಂಡ ಅಂದವರಿಗೆ ಮೊದಲು.

ನಮಗೆ ಅಡುಗೆ ಬರೆದು ಕಳಿಸುವ ಎಲ್ಲರಿಗೂ ಇದೇ ಪುಟದಲ್ಲಿ ಒಂದು ಮಾತು. ಮುಂದಿನ ಸಂಚಿಕೆಯಿಂದ ಹೆಚ್ಚುವ ಹೊತ್ತು, ಹುರಿಯುವ ಹೊತ್ತು, ಬೇಯುವ ಹೊತ್ತು, ಮೂರನ್ನೂ ಗಡಿಯಾರ ನೋಡಿ ಬೇರೆ ಬೇರೆ ಬರೆಯಿರಿ. ಐದು ನಿಮಿಷದಲ್ಲಿ ಕೆಂಪಾಗುವ ಈರುಳ್ಳಿಯನ್ನು ನಾವು ಅಚ್ಚು ಹಾಕುವುದಿಲ್ಲ.

— ಸಂಪಾದಕ