ಕ್ಯಾಮೆರಾ ಕಂಡ ಕೂಡ್ಲೇ ಜನ ಸುಮ್ನಾಗ್ತಾರೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ಸಮಾಜದ ಸಮಸ್ಯೆಗಳ ಬಗ್ಗೆ ಡಾಕ್ಯುಮೆಂಟರಿ ಮಾಡೋ ಆಸೆ, ಆದ್ರೆ ಕ್ಯಾಮೆರಾ ಕಂಡ್ರೆ ಯಾರೂ ಮಾತಾಡಲ್ಲ. ಕಲಿಸೋಕೆ ಗುರುನೂ ಇಲ್ಲ.

ಉತ್ತರ: ಮೊದಲ ನಾಲ್ಕೈದು ಭೇಟೀಲಿ ಕ್ಯಾಮೆರಾ ಬ್ಯಾಗಿಂದ ತೆಗೀಲೇಬೇಡಿ, ಸುಮ್ನೆ ಕೂತು ಕೇಳಿಸ್ಕೊಳ್ಳಿ, ನಾನು ಕಲಿಸೋ ಹುಡುಗ್ರಿಗೂ ಇದನ್ನೇ ಹೇಳೋದು. ಒಪ್ಪಿಗೆ ಅಂದ್ರೆ ಒಂದ್ಸಲ ಸಹಿ ಹಾಕಿಸ್ಕೊಳ್ಳೋದಲ್ಲ, ರಫ್ ಕಟ್ (ಮೊದಲ ಕಚ್ಚಾ ಎಡಿಟ್) ಆದ್ಮೇಲೆ ಅವರಿಗೇ ತೋರಿಸಿ ಮತ್ತೆ ಕೇಳಿ, ಮುಖ ಕಂಡ್ರೆ ಅವರಿಗೆ ತೊಂದ್ರೆ ಆಗುತ್ತೆ ಅನ್ಸಿದ್ರೆ ಎಷ್ಟೇ ಒಳ್ಳೆ ಶಾಟ್ ಆದ್ರೂ ತೆಗೆದುಹಾಕಿ, ಇದ್ರಲ್ಲಿ ರಾಜಿ ಬೇಡ. ಆಮೇಲೆ ಸೌಂಡ್! ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ 30 ಸೆಕೆಂಡ್ ಅಲ್ಲಿನ ಶಬ್ದ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಿಂಗಲ್ಲಿ ಮಾತಿನ ಮಧ್ಯೆ ತುಂಬೋಕೆ ಬೇಕಾಗುತ್ತೆ. ಗುರು ಸಿಗ್ಲಿ ಅಂತ ಕಾಯ್ಬೇಡಿ, ಯಾವುದಾದ್ರೂ ಎಡಿಟ್ ರೂಮಲ್ಲಿ ಅಸಿಸ್ಟೆಂಟ್ ಆಗಿ ಸೇರ್ಕೊಳ್ಳಿ.