ತಲಕಾಡಿನಲ್ಲಿ ಮಾತ್ರ ಅಷ್ಟೊಂದು ಮರಳು ಹೇಗೆ ಬಂತು?

ಕಾವೇರಿಯ ತಿರುವಿನಿಂದ. ಆ ಮರಳು ನದಿಯದೇ. ಊರಿನ ಮೇಲೆ ತಂದು ಸುರಿದದ್ದು ಗಾಳಿ.

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಈ ಊರಿನ ಬಳಿ ಕಾವೇರಿ ದೊಡ್ಡದಾಗಿ ಬಳಸಿ ಹರಿಯುತ್ತದೆ. ನದಿ ಹೀಗೆ ತಿರುಗುವಾಗ ಹೊರಬದಿಯಲ್ಲಿ ನೀರಿನ ಸೆಳೆತ ಜೋರು, ದಡ ಕೊರೆದು ಆಳವಾಗುತ್ತದೆ. ಒಳಬದಿಯಲ್ಲಿ ನೀರು ನಿಧಾನ, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತದೆ. ತಲಕಾಡು ಇರುವುದು ಒಳಬದಿಗೆ. ಬೇಸಿಗೆಯಲ್ಲಿ ನೀರಿಳಿದಾಗ ಒಣಗಿದ ಮರಳನ್ನು ನೈಋತ್ಯದ ಗಾಳಿ ಎತ್ತಿ ಊರಿನತ್ತ ದಿಬ್ಬವಾಗಿ ಪೇರಿಸುತ್ತಾ ಬಂತು. ವಿಜಯನಗರ ಕಾಲದಲ್ಲಿ ಮಾಧವ ಮಂತ್ರಿ ಮೇಲ್ಭಾಗದಲ್ಲಿ ಕಟ್ಟಿಸಿದ ಅಣೆಕಟ್ಟೆಯಿಂದ ಹರಿವು ತಗ್ಗಿ, ಇನ್ನಷ್ಟು ಮರಳು ಬಯಲಾಯಿತು ಎಂಬುದು ಹಲವು ಸಂಶೋಧಕರ ವಾದ. ನನಗೂ ಅದು ಒಪ್ಪುವಂತೆ ಕಾಣುತ್ತದೆ.

ಗಂಗರ ರಾಜಧಾನಿಯಾಗಿದ್ದ ಊರು ಹೀಗೆ ಹೂತುಹೋಯಿತು. ಇಂದಿಗೂ ಪಾತಾಳೇಶ್ವರ ಗುಡಿಗೆ ಹೋಗಲು ಮರಳಿನ ಮಟ್ಟದಿಂದ ಕೆಳಗಿಳಿಯಬೇಕು.

'ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ' ಎಂದು ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಇತ್ತಳೆನ್ನುವ ಶಾಪದ ಕಥೆ 17ನೇ ಶತಮಾನದ ಆರಂಭದ್ದು. ಸ್ವಾರಸ್ಯವೆಂದರೆ ಶಾಪದ ಈ ಎರಡೂ ಮಾತು ಒಂದೇ ತಿರುವಿನ ಎರಡು ದಡಗಳ ಸರಿಯಾದ ವರ್ಣನೆ: ಮಾಲಂಗಿ ಎದುರು ದಡದಲ್ಲಿದೆ.