ಮೂತಿ ತಗ್ಗಿಸಿದರೆ ಸ್ಪಿಟ್‌ಫೈರ್ ಇಂಜಿನ್ ಯಾಕೆ ಆಫ್ ಆಗುತ್ತಿತ್ತು?

ನೀವು ಕೇಳಿದ್ದು: ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಗಕ್ಕನೆ ಮೂತಿ ತಗ್ಗಿಸಿದರೆ ಇಂಜಿನ್ ನಿಲ್ಲುತ್ತಿತ್ತಂತೆ, ಜರ್ಮನ್ ವಿಮಾನಕ್ಕೆ ಹಾಗಾಗುತ್ತಿರಲಿಲ್ಲವಂತೆ, ಇದು ನಿಜವಾ?

ನಿಜ. ಬ್ರಿಟಿಷರ ಇನ್ನೊಂದು ಯುದ್ಧವಿಮಾನ ಹರಿಕೇನ್‌ಗೂ ಇದೇ ಕಾಟ ಇತ್ತು. ಹರಿಕೇನ್ ಮೊದಲು ಹಾರಿದ್ದು 1935ರ ನವೆಂಬರ್‌ನಲ್ಲಿ, ಸ್ಪಿಟ್‌ಫೈರ್ 1936ರ ಮಾರ್ಚ್‌ನಲ್ಲಿ. ವಿನ್ಯಾಸ ಮಾಡಿದವರು ಬೇರೆ ಬೇರೆ, ಇಂಜಿನ್ ಮಾತ್ರ ಒಂದೇ: ರೋಲ್ಸ್ ರಾಯ್ಸ್ ಮರ್ಲಿನ್. ತೊಂದರೆ ಇದ್ದದ್ದು ಅದರ ಕಾರ್ಬ್ಯುರೇಟರ್‌ನಲ್ಲಿ, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗದಲ್ಲಿ.

ನಾನು ಬಿಡುವಿದ್ದಾಗ ಹಳೇ ಬೈಕ್ ಬಿಚ್ಚಿ ಜೋಡಿಸುವವನು. ಹಾಗಾಗಿ ಈ ಕಥೆ ನನಗೆ ತುಂಬಾ ಹತ್ತಿರದ್ದು. ಕಾರ್ಬ್ಯುರೇಟರ್‌ನ ಕೆಳಗಿನ ಬಟ್ಟಲು ಬಿಚ್ಚಿದರೆ ಒಳಗೊಂದು ಫ್ಲೋಟ್ ಕಾಣುತ್ತದೆ. ಪೆಟ್ರೋಲ್ ತುಂಬಿದ ಹಾಗೆ ಅದು ಮೇಲೇಳುತ್ತದೆ, ಪಿನ್ ಒತ್ತಿ ದಾರಿ ಮುಚ್ಚುತ್ತದೆ. ನೀರಿನ ಟ್ಯಾಂಕಿನ ಚೆಂಡು ಮಾಡುವ ಕೆಲಸವೇ. ಮರ್ಲಿನ್‌ನಲ್ಲಿ ಇದ್ದದ್ದೂ ಇದೇ ಏರ್ಪಾಟು.

ಪೈಲಟ್ ಸ್ಟಿಕ್ಕನ್ನು ಜೋರಾಗಿ ಮುಂದೆ ತಳ್ಳಿದ ಅಂದುಕೊಳ್ಳಿ. ಅವನು ಸೀಟಿನಿಂದ ಮೇಲೆದ್ದು ಬೆಲ್ಟಿಗೆ ಒತ್ತಿಕೊಳ್ಳುತ್ತಾನೆ. ಬಟ್ಟಲಿನ ಪೆಟ್ರೋಲೂ ಹಾಗೇ ಮುಚ್ಚಳಕ್ಕೆ ಹೋಗಿ ಅಂಟುತ್ತದೆ. ಬಟ್ಟಲಿನಿಂದ ಪೆಟ್ರೋಲ್ ಎಳೆದು ಚಿಮ್ಮಿಸುವ ಸಣ್ಣ ತೂತಿಗೆ (ಜೆಟ್) ಪೆಟ್ರೋಲ್ ಸಿಗದೆ ಇಂಜಿನ್ ಒಮ್ಮೆ ಮುಗ್ಗರಿಸುತ್ತದೆ. ಅಸಲಿ ಕಷ್ಟ ಆಮೇಲಿನದು. ಪೆಟ್ರೋಲ್ ಮೇಲೆ ಹೋದ ಕಾರಣ ಫ್ಲೋಟ್ ತಳಕ್ಕೆ ಬರುತ್ತದೆ, ಪಿನ್ ಪೂರ್ತಿ ತೆರೆದುಕೊಳ್ಳುತ್ತದೆ. ಪಂಪ್ ಮಾತ್ರ ತಳ್ಳುತ್ತಲೇ ಇರುತ್ತದೆ. ಪೆಟ್ರೋಲ್ ಉಕ್ಕಿ, ಕಪ್ಪು ಹೊಗೆ ಬಂದು, ಇಂಜಿನ್ ಕಟ್ಟಿಕೊಳ್ಳುತ್ತದೆ.

ಅದಕ್ಕೇ ಬ್ರಿಟಿಷ್ ಪೈಲಟ್‌ಗಳು ವಿಮಾನವನ್ನು ಮೊದಲು ಮಗುಚಿ, ಆಮೇಲೆ ಕೆಳಗೆ ಎಳೆಯುತ್ತಿದ್ದರು. ಆಗ ಪೆಟ್ರೋಲ್ ತಳದಲ್ಲೇ ಉಳಿಯುತ್ತದೆ. ಆದರೆ ಅಷ್ಟರಲ್ಲಿ ಎದುರಾಳಿ ತಪ್ಪಿಸಿಕೊಂಡು ಹೋಗಿರುತ್ತಿದ್ದ. ಅವನ ಮೆಸ್ಸರ್‌ಸ್ಮಿಟ್ 109ರಲ್ಲಿ ಪೆಟ್ರೋಲ್ ಇಂಜೆಕ್ಷನ್ ಮೂಲಕ ನೇರ ಸಿಲಿಂಡರ್‌ಗೇ ಹೋಗುತ್ತಿತ್ತು.

ಹಾಗಾದರೆ ಬ್ರಿಟಿಷರಿಗೆ ಬುದ್ಧಿ ಇರಲಿಲ್ವಾ? ಇತ್ತು. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಸೂಪರ್‌ಚಾರ್ಜರ್‌ಗೆ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಹೋಗುವ ಗಾಳಿ ತಣ್ಣಗಾಗುತ್ತದೆ, ಶಕ್ತಿ ಜಾಸ್ತಿ ಸಿಗುತ್ತದೆ. ರೋಲ್ಸ್ ರಾಯ್ಸ್‌ನವರು ಲೆಕ್ಕ ಹಾಕಿಯೇ ಅದನ್ನು ಇಟ್ಟುಕೊಂಡಿದ್ದು. ನನ್ನ ಪ್ರಕಾರ ಅದು ತಪ್ಪು ಆಯ್ಕೆ ಅಲ್ಲ.

ಪರಿಹಾರ ಕೊಟ್ಟವರು ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆಯ ಇಂಜಿನಿಯರ್ ಬೀಟ್ರಿಸ್ ಶಿಲ್ಲಿಂಗ್. ಈಕೆ ಬೈಕ್ ರೇಸರ್ ಕೂಡ. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ನಾರ್ಟನ್ ಬೈಕನ್ನು ಗಂಟೆಗೆ 100 ಮೈಲಿಗಿಂತ ವೇಗವಾಗಿ ಓಡಿಸಿ ಗೋಲ್ಡ್ ಸ್ಟಾರ್ ಪಡೆದವರು! ಅವರು ಮಾಡಿದ್ದು ನಡುವೆ ತೂತಿರುವ ಒಂದು ಪುಟ್ಟ ಹಿತ್ತಾಳೆ ತುಂಡು. ಅದನ್ನು ಪೆಟ್ರೋಲ್ ಬರುವ ದಾರಿಯಲ್ಲಿ ಕೂರಿಸಿದರು. ಇಂಜಿನ್ ಪೂರ್ತಿ ಜೋರಿನಲ್ಲಿ ಓಡುವಾಗ ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಹೋಗುವಂಥ ತೂತು. ಪಿನ್ ತೆರೆದೇ ಇದ್ದರೂ ಉಕ್ಕುವಷ್ಟು ಬರುವುದಿಲ್ಲ.

ಹಾಕಲು ವಿಮಾನವನ್ನು ಕಾರ್ಖಾನೆಗೆ ಕಳಿಸಬೇಕಾಗಿರಲಿಲ್ಲ. 1941ರಲ್ಲಿ ಶಿಲ್ಲಿಂಗ್ ತಮ್ಮ ಸಣ್ಣ ತಂಡ ಕಟ್ಟಿಕೊಂಡು ಒಂದೊಂದೇ ವಾಯುನೆಲೆಗೆ ಹೋಗಿ ಇದನ್ನು ಹಾಕಿಸಿದರು. ಅಷ್ಟು ಹೊತ್ತಿಗೆ 1940ರ ಬ್ರಿಟನ್ ಕದನ ಮುಗಿದಿತ್ತು. ಆ ಕದನ ಪೂರ್ತಿ ಪೈಲಟ್‌ಗಳು ಹಳೇ ಕಾರ್ಬ್ಯುರೇಟರ್‌ನಲ್ಲೇ ಹೋರಾಡಿದ್ದರು ಅನ್ನುವುದು ನೆನಪಿರಲಿ.

ಮೊದಲ ಮುಗ್ಗರಿಕೆ ಇದರಿಂದ ಹೋಗಲಿಲ್ಲ, ಕಟ್ಟಿಕೊಳ್ಳುವುದು ನಿಂತಿತು. ತಲೆಕೆಳಗಾಗಿ ಹಾರುತ್ತಲೇ ಇರಲು ಆಗ ಇನ್ನೂ ಆಗುತ್ತಿರಲಿಲ್ಲ. ಅದಕ್ಕೆ ಒತ್ತಡದಲ್ಲಿ ಪೆಟ್ರೋಲ್ ಕೊಡುವ, ಫ್ಲೋಟ್ ಬಟ್ಟಲನ್ನು ನೆಚ್ಚದ ಹೊಸ ಕಾರ್ಬ್ಯುರೇಟರ್ ಬರಬೇಕಾಯಿತು.